ಯುವ ವಿನಿಮಯದ ಬೆನ್ನಿಗೆ ನಿಂತವರು

ಜಪಾನ್ ಮತ್ತು ದಕ್ಷಿಣ ಕೊರಿಯಾದ ವಿದ್ಯಾರ್ಥಿಗಳು ಪರಸ್ಪರರ ಊರುಗಳಿಗೆ ಹೋಗಿ, ಅಲ್ಲಿನ ಮನೆಗಳಲ್ಲಿ ಉಳಿದು ಬರುವ ಕಾರ್ಯಕ್ರಮಗಳ ಬಗ್ಗೆ ಓದುವಾಗಲೆಲ್ಲ ಅವುಗಳ ಖರ್ಚನ್ನು ಹೊರುವವರು ಯಾರೆಂದು ಮೊದಲು ನೋಡುತ್ತೇನೆ. 1910ರಿಂದ 1945ರವರೆಗೆ ಕೊರಿಯಾವನ್ನು ಜಪಾನ್ ಆಳಿದ ಗಾಯ ಇನ್ನೂ ಮಾಯದಿರುವಾಗ, ಹಣ ಒಂದೇ ಕಡೆಯಿಂದ ಬಂದರೆ ಅದು ಉಪಕಾರದಂತೆಯೋ ಪ್ರಾಯಶ್ಚಿತ್ತದಂತೆಯೋ ಕಾಣಿಸಿಬಿಡುತ್ತದೆ.

ಆದ್ದರಿಂದಲೇ 2023ರ ಮಾರ್ಚ್‌ನಲ್ಲಿ ಎರಡೂ ದೇಶಗಳ ಉದ್ಯಮ ಒಕ್ಕೂಟಗಳು ಘೋಷಿಸಿದ ಭವಿಷ್ಯ ಪಾಲುದಾರಿಕೆ ನಿಧಿ ನನಗೆ ಮುಖ್ಯವೆನಿಸುತ್ತದೆ. ಜಪಾನಿನ ಕೇಯ್ದಾನ್‌ರೆನ್ 10 ಕೋಟಿ ಯೆನ್, ಕೊರಿಯಾದ ಒಕ್ಕೂಟ 100 ಕೋಟಿ ವಾನ್, ಅಂದರೆ ಹೆಚ್ಚುಕಡಿಮೆ ಸಮಪಾಲು ಹಾಕಿದವು; ಯುವಜನರ ವಿನಿಮಯ ಅದರ ಉದ್ದೇಶಗಳಲ್ಲೊಂದು. ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಕಟ್ಟಿದ ಯುವ ಸಂಸ್ಥೆಯೂ ಇದೇ ಸಮಪಾಲಿನ ಮೇಲೆ ನಡೆದು ಬಂದಿದೆ.

ಆದರೆ ಹಣವೊಂದರಿಂದಲೇ ಸಂಬಂಧ ಉಳಿಯುವುದಿಲ್ಲ. 2019ರಲ್ಲಿ ಕೊರಿಯಾದ ಮೇಲೆ ಜಪಾನ್ ಹೇರಿದ ರಫ್ತು ನಿರ್ಬಂಧದ ವಿವಾದ ಬೆಳೆದಾಗ ಹಲವು ಊರುಗಳ ನಡುವಿನ ಭೇಟಿಗಳು ರದ್ದಾದವು, ಇಲ್ಲವೇ ಮುಂದಕ್ಕೆ ಹೋದವು. ಇಂಥ ಹೊತ್ತಿನಲ್ಲಿ ಕೊಂಡಿ ಕಡಿಯದಂತೆ ನೋಡಿಕೊಳ್ಳಬಲ್ಲವರು 1976ರಿಂದ ಸೋದರ ನಗರಗಳಾಗಿರುವ ಜಪಾನಿನ ಶಿಮೊನೊಸೆಕಿ ಮತ್ತು ಕೊರಿಯಾದ ಬುಸಾನ್‌ಗಳಂಥ ಊರುಗಳ ಆಡಳಿತಗಳು, ಶಾಲೆಯ ಶಿಕ್ಷಕರು, ಅತಿಥೇಯ ಕುಟುಂಬಗಳು. 1607ರಿಂದ 1811ರವರೆಗೆ ಕೊರಿಯಾದಿಂದ ಜಪಾನಿಗೆ ಹೋದ ಹನ್ನೆರಡು ರಾಯಭಾರ ಯಾತ್ರೆಗಳ ದಾಖಲೆಗಳು 2017ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿದ್ದು ಸಹ ಕೇಂದ್ರ ಸರ್ಕಾರಗಳ ಅರ್ಜಿಯಿಂದಲ್ಲ, ಎರಡೂ ಕಡೆಯ ಸಂಸ್ಥೆಗಳು ಕೂಡಿ ಸಲ್ಲಿಸಿದ ಅರ್ಜಿಯಿಂದ.

ಮಲೆನಾಡಿನವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ನಾಡಿನ ಮೂಲೆಮೂಲೆಗಳಿಂದ ಯುವಕರನ್ನು ಕರೆಸಿಕೊಳ್ಳುವಷ್ಟು ಬೆಳೆದದ್ದರಲ್ಲಿ ಅನುದಾನದ ಪಾಲಿದೆ, ಸುತ್ತಲಿನವರ ಅಕ್ಕರೆಯ ಪಾಲೂ ಇದೆ. ಬಂದವರಿಗೆ ಮೊದಲು ನೀರು-ಬೆಲ್ಲ ಕೊಟ್ಟು ಆಮೇಲೆ ಊರು ಕೇಳುವ ಮನೆಗಳು ನಮ್ಮಲ್ಲಿ ಈಗಲೂ ಇವೆ.

ಶಿವಮೊಗ್ಗದ ಕಾಲೇಜುಗಳು ಇಂಥದೊಂದು ವಿನಿಮಯಕ್ಕೆ ಮನಸ್ಸು ಮಾಡುವುದಾದರೆ, ಪ್ರಾಯೋಜಕರನ್ನು ಹುಡುಕುವ ಮುಂಚೆಯೇ ಸಾಗರ, ತೀರ್ಥಹಳ್ಳಿ ಕಡೆಯ ಅಂಥ ಮನೆಗಳನ್ನು ಕೇಳಿಟ್ಟುಕೊಳ್ಳಲಿ. ಬೆಂಬಲಿಗರ ಪಟ್ಟಿ ಅಚ್ಚಾಗುವಾಗ, ಆ ಮನೆಯವರು ಒಪ್ಪಿದರೆ, ಅವರ ಹೆಸರುಗಳು ಕಂಪನಿಗಳ ಹೆಸರಿಗಿಂತ ಮೇಲೆ ಬರಲಿ.