ಬೆಟ್ಟಗಳಿಗೆ ಬೆನ್ನು ಮಾಡಿ ನಿಂತ ಮಧ್ಯಾಹ್ನ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿರುವ ಕ್ವೀನ್ಸ್‌ಟೌನಿಗೆ ನಾವು ಹೋದದ್ದು ಬೆಟ್ಟಗಳನ್ನು ನೋಡಲಿಕ್ಕೆ. ವಾಕಟಿಪು ಸರೋವರದ ಮಗ್ಗುಲಲ್ಲಿ ಗರಗಸದ ಹಲ್ಲುಗಳಂತೆ ಎದ್ದು ನಿಂತಿರುವ ರಿಮಾರ್ಕಬಲ್ಸ್ ಶ್ರೇಣಿಯನ್ನು ದಡದಿಂದ ನೋಡುವುದಕ್ಕಿಂತ ನೀರಿನ ಮೇಲಿನಿಂದ ನೋಡುವುದು ಚೆನ್ನ ಎಂದು ಯಾರೋ ಹೇಳಿದ್ದರಿಂದಲೇ ಅರ್ನ್‌ಸ್ಲಾ ಎಂಬ ಹಳೆಯ ಉಗಿಹಡಗಿನಲ್ಲಿ ಒಂದು ಮಧ್ಯಾಹ್ನದ ಪಯಣಕ್ಕೆ ಟಿಕೆಟು ಕೊಂಡಿದ್ದೆವು. ಆ ಬೆಟ್ಟಗಳನ್ನು ನನ್ನ ಹೆಂಡತಿ ಕಣ್ತುಂಬ ನೋಡಿದಳು. ನಾನು ಹೆಚ್ಚು ಹೊತ್ತು ನೋಡಿದ್ದು ಎರಡು ಬೆಂಕಿಗೂಡುಗಳನ್ನು, ಅವುಗಳ ಮುಂದೆ ಸಲಿಕೆ ಹಿಡಿದು ನಿಂತಿದ್ದ ಒಬ್ಬ ಯುವಕನನ್ನು.

ಹಡಗು ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ಬಂತು. ಜನವರಿಯ ತಿಳಿ ಬಿಸಿಲಿನಲ್ಲಿ, ಗಾಳಿಯೂ ತೊಳೆದಿಟ್ಟಂತಿದ್ದ ಆ ಊರಿನಲ್ಲಿ, ಕಲ್ಲಿದ್ದಲ ಹೊಗೆಯ ಆ ಕಟು ವಾಸನೆ ಎಷ್ಟು ಅಪರಿಚಿತವಾಗಿತ್ತೆಂದರೆ ಮೊದಲಿಗೆ ಎಲ್ಲೋ ಏನೋ ಸುಡುತ್ತಿದೆ ಎಂದೇ ಭಾವಿಸಿದೆ. ತಿರುವು ದಾಟಿದಾಗ ಕಂಡದ್ದು ಬಿಳಿಯ ಒಡಲು, ನಡುವೆ ನೆಟ್ಟಗೆ ನಿಂತ ಕೆಂಪು ಹೊಗೆಕೊಳವೆ, ಉದ್ದಕ್ಕೆ ಸುಮಾರು 51 ಮೀಟರಿನ ನೀಳವಾದ ಹಡಗು. ಅದರ ಹೆಸರಿನ ಹಿಂದೆ ಅಂಟಿಕೊಂಡಿರುವ ಟಿಎಸ್‌ಎಸ್ ಎಂಬ ಮೂರು ಅಕ್ಷರಗಳು ಏನೋ ಬಿರುದಿರಬೇಕೆಂದು ನಾನು ತಿಳಿದಿದ್ದೆ; ಅದು ನೀರಿನಡಿಯಲ್ಲಿ ಎರಡು ಪ್ರೊಪೆಲ್ಲರುಗಳುಳ್ಳ ಉಗಿಹಡಗು ಎಂಬುದರ ಸಂಕ್ಷೇಪವಷ್ಟೇ ಎಂದು ಆಮೇಲೆ ತಿಳಿಯಿತು.

ಸುತ್ತಲೂ ಬೆಟ್ಟಗಳೇ ಇರುವ, ಸಮುದ್ರದಿಂದ ದೂರದಲ್ಲಿರುವ ಈ ಸರೋವರಕ್ಕೆ ಇಷ್ಟು ದೊಡ್ಡ ಹಡಗು ಹೇಗೆ ಬಂತು ಎಂಬ ಪ್ರಶ್ನೆ ಯಾರಿಗಾದರೂ ಬರಬೇಕು. ಅದು ಬಂದದ್ದು ಗೂಡ್ಸ್ ರೈಲಿನಲ್ಲಿ, ತುಂಡು ತುಂಡಾಗಿ. ಕರಾವಳಿಯ ಡನೀಡಿನ್ ನಗರದ ಜಾನ್ ಮೆಕ್‌ಗ್ರೆಗರ್ ಕಂಪನಿಯವರು ಅದನ್ನು ಒಮ್ಮೆ ಪೂರ್ತಿ ಜೋಡಿಸಿ, ಬಳಿಕ ಬಿಚ್ಚಿ, ಉಕ್ಕಿನ ತಗಡುಗಳಿಗೆಲ್ಲ ಅಂಕಿ ಬರೆದು, ಸರೋವರದ ದಕ್ಷಿಣ ತುದಿಯ ಕಿಂಗ್‌ಸ್ಟನ್‌ಗೆ ಸಾಗಿಸಿದರು. ಅಲ್ಲಿ ದಡದ ಮೇಲೆ ಮತ್ತೆ ಕೂಡಿಸಿದ ಹಡಗು 1912ರ ಫೆಬ್ರವರಿಯಲ್ಲಿ ನೀರಿಗಿಳಿಯಿತು, ಅದೇ ವರ್ಷದ ಅಕ್ಟೋಬರ್ 18ರಂದು ಮೊದಲ ಬಾರಿ ಕ್ವೀನ್ಸ್‌ಟೌನಿಗೆ ಬಂತು. ಹಡಗು ಕಟ್ಟಿಸಿದ್ದು ಸರ್ಕಾರದ ರೈಲ್ವೆ ಇಲಾಖೆ. ಹಳಿ ಮುಗಿಯುವಲ್ಲಿಂದ ಮುಂದಕ್ಕೆ ನೀರೇ ದಾರಿಯಾಗಿತ್ತಾದ್ದರಿಂದ ಇದೂ ಒಂದು ಬಗೆಯ ರೈಲೇ ಆಗಿತ್ತೆನ್ನಬಹುದು. ದಡದುದ್ದಕ್ಕೂ ಚದುರಿದ್ದ ದೊಡ್ಡ ಕುರಿಸಾಕಣೆಯ ಜಮೀನುಗಳಿಗೆ ಟಪಾಲು, ದಿನಸಿ, ಜನ ಎಲ್ಲವನ್ನೂ ಅದು ಹೊತ್ತಿತು. ಒಂದೇ ಸಲಕ್ಕೆ ಸಾವಿರಕ್ಕೂ ಹೆಚ್ಚು ಕುರಿಗಳನ್ನು ಡೆಕ್ಕಿನ ಮೇಲೆ ತುಂಬಿಕೊಂಡು ಬರುತ್ತಿತ್ತಂತೆ. ಈಗ ಅದೇ ಡೆಕ್ಕಿನ ಮೇಲೆ ನಾವು ಕ್ಯಾಮೆರಾ ಹಿಡಿದುಕೊಂಡು ನೂಕಾಡುತ್ತಿದ್ದೆವು.

ರಸ್ತೆಗಳು ಬಂದವು, ಹಡಗಿನ ಕೆಲಸ ಒಂದೊಂದಾಗಿ ಕೈಬಿಟ್ಟಿತು. 1968ರ ಹೊತ್ತಿಗೆ ಅರ್ನ್‌ಸ್ಲಾ ಗುಜರಿ ಸೇರುವುದರಲ್ಲಿತ್ತು. ಮರುವರ್ಷ ಫಿಯರ್ಡ್‌ಲ್ಯಾಂಡ್ ಟ್ರಾವೆಲ್ ಎಂಬ ಪ್ರವಾಸಿ ಸಂಸ್ಥೆ ಅದನ್ನು ಗುತ್ತಿಗೆಗೆ ಪಡೆಯಿತು, 1982ರಲ್ಲಿ ಕೊಂಡೇ ಬಿಟ್ಟಿತು, ಆ ಬಳಿಕ ಇಂಜಿನ್ನುಗಳನ್ನೂ ಸೇರಿಸಿ ದೊಡ್ಡ ದುರಸ್ತಿ ಮಾಡಿಸಿತು. ಪರಂಪರೆಯ ಹಡಗುಗಳನ್ನು ಉಳಿಸುವಾಗ ಒಳಗೆ ಡೀಸೆಲ್ ಇಂಜಿನ್ ಕೂರಿಸಿ, ಹೊರಗೆ ಹಳೆಯ ಹೊಗೆಕೊಳವೆಯನ್ನು ಅಲಂಕಾರಕ್ಕೆಂದು ಬಿಡುವುದು ಎಷ್ಟೋ ಕಡೆ ನಡೆದಿದೆ. ಇಲ್ಲಿ ಹಾಗಾಗಲಿಲ್ಲ. ಹಿತ್ತಾಳೆಯ ಹಿಡಿಕೆಗಳಿಗೂ ಮೆರುಗೆಣ್ಣೆ ಹಚ್ಚಿದ ಮರದ ಬೆಂಚುಗಳಿಗೂ ಮಾರುಹೋಗುವವರು ಹೋಗಲಿ, ಅವುಗಳನ್ನು ಯಾವ ಹೊಸ ಹಡಗಿನಲ್ಲಿಯೂ ಮಾಡಿಡಬಹುದು; ನಕಲು ಮಾಡಲಾಗದ್ದು ಕೆಳಗಿತ್ತು.

ಹಡಗು ಹೊರಟು ಐದು ನಿಮಿಷವಾಗಿರಬಹುದು. ಮೇಲಿನ ಡೆಕ್ಕಿನಲ್ಲಿ ಗಾಳಿ ಜೋರಾದ್ದರಿಂದ ಶಾಲು ತರಲೆಂದು ಒಳಗೆ ಬಂದವನಿಗೆ ಅಂಗಾಲಿನಡಿ ಒಂದು ಹದವಾದ ಮಿಡಿತ ತಿಳಿಯಿತು. ಬಸ್ಸಿನದೋ ವಿಮಾನದ್ದೋ ಆದರೆ ಅದು ನಡುಕವಾಗಿರುತ್ತದೆ. ಇದು ಎಣಿಸಬಹುದಾದ ಮಿಡಿತ. ಆ ಜಾಡನ್ನೇ ಹಿಡಿದು ಹೋದರೆ ಹಡಗಿನ ನಡುಭಾಗದಲ್ಲಿ, ಇಂಜಿನ್ ಕೋಣೆಯ ಮೇಲೆಯೇ ಹಾದುಹೋಗುವ ಕಬ್ಬಿಣದ ಓಣಿ ಸಿಕ್ಕಿತು. ಕಂಬಿ ಹಿಡಿದು ಬಗ್ಗಿದೊಡನೆ ಬಿಸಿಯೆಣ್ಣೆಯ ವಾಸನೆ ಹೊತ್ತ ಸೆಕೆ ಮುಖಕ್ಕೆ ಬಡಿದು ಕನ್ನಡಕ ಮಸುಕಾಯಿತು. ಒರೆಸಿಕೊಂಡು ನೋಡಿದರೆ, ಕೈಗೆಟಕುವಷ್ಟು ಕೆಳಗೆ, ಎಣ್ಣೆ ಮಿಂಚುವ ಉಕ್ಕಿನ ದಂಡಗಳು ಒಂದು ಏರಿದಾಗ ಇನ್ನೊಂದು ಇಳಿಯುತ್ತ, ಗದ್ದಲವಿಲ್ಲದೆ ತಿರುಗುತ್ತಿದ್ದವು. ಅಷ್ಟು ಭಾರದ ಯಂತ್ರ ಅಷ್ಟು ಮೆತ್ತಗೆ ಓಡಬಲ್ಲದೆಂದು ನಾನು ಎಣಿಸಿರಲಿಲ್ಲ.

ಎರಡು ಇಂಜಿನ್ನುಗಳು, ಒಂದೊಂದಕ್ಕೂ ಮೂರು ಸಿಲಿಂಡರುಗಳು. ಬಾಯ್ಲರಿನಿಂದ ಬಂದ ಉಗಿ ಮೊದಲು ಚಿಕ್ಕ ಸಿಲಿಂಡರನ್ನು ಹೊಕ್ಕು ತಳ್ಳುತ್ತದೆ. ಸ್ವಲ್ಪ ಸೊರಗಿ, ಹಿಗ್ಗಿ, ನಡುವಿನದಕ್ಕೆ ಹೋಗುತ್ತದೆ. ಇನ್ನೂ ಸೊರಗಿ ಕೊನೆಯ ದೊಡ್ಡದಕ್ಕೆ. ಒತ್ತಡ ಕಡಿಮೆಯಾದಂತೆಲ್ಲ ಅದು ಒತ್ತುವ ಮೈ ಅಗಲವಾಗಬೇಕು, ಆದ್ದರಿಂದಲೇ ಒಂದಕ್ಕಿಂತ ಒಂದು ದೊಡ್ಡದು. ಮೂರು ಸಲ ದುಡಿದು ದಣಿದ ಉಗಿ ಕೊನೆಗೆ ತಣಿದು ನೀರಾಗಿ ಮತ್ತೆ ಬಾಯ್ಲರಿಗೆ ಮರಳುತ್ತದೆ. ಓಣಿಯಲ್ಲಿ ನಿಂತವರಿಗೆ ಇದನ್ನೆಲ್ಲ ಯಾರೂ ಬೋಧಿಸಬೇಕಿಲ್ಲ, ಮೂರರ ಗಾತ್ರವನ್ನು ನೋಡಿದರೆ ಅರ್ಧ ಪಾಠವಾಗುತ್ತದೆ.

ಇಂಜಿನಿಯರು ಉದ್ದ ಮೂತಿಯ ಎಣ್ಣೆಡಬ್ಬಿ ಹಿಡಿದು ಸುತ್ತು ಹೊಡೆಯುತ್ತಿದ್ದರು. ಒಂದು ಕಡೆ ನಿಂತು, ತಿರುಗುತ್ತಿದ್ದ ದಂಡದ ಬುಡ ಕೈಯ ಹತ್ತಿರ ಬರುವ ಗಳಿಗೆಗೆ ಸರಿಯಾಗಿ ಅಂಗೈ ಚಾಚಿ, ಅದು ಸವರಿಕೊಂಡು ಹೋದೊಡನೆ ಹಿಂದಕ್ಕೆಳೆದುಕೊಂಡರು. ನಾನು ಕಂಬಿಯನ್ನು ಬಿಗಿಯಾಗಿ ಹಿಡಿದೆ. ಅವರು ಹಾಗೆ ನಾಲ್ಕೈದು ಬಾರಿ ಮಾಡಿ, ತೃಪ್ತಿಯಾದವರಂತೆ ಮುಂದಿನದಕ್ಕೆ ಹೋದರು. ಬೇರಿಂಗು ಕಾಯುತ್ತಿದೆಯೇ ಎಂದು ನೋಡುವ ಬಗೆ ಅದು, ಹಾಲಿನ ಪಾತ್ರೆಯನ್ನು ಮುಟ್ಟಿ ನೋಡಿದಷ್ಟೇ ಸಹಜವಾಗಿತ್ತು. ಅಷ್ಟರಲ್ಲಿ ಗೋಡೆಯ ಮೇಲಿನ ಹಿತ್ತಾಳೆಯ ಟೆಲಿಗ್ರಾಫಿನ ಮುಳ್ಳು ಟಣ್ ಎಂದು ಸರಿಯಿತು. ಮೇಲೆ ಚುಕ್ಕಾಣಿಯ ಬಳಿ ನಿಂತ ಕ್ಯಾಪ್ಟನ್ನಿನ ಆಜ್ಞೆ ಇಂದಿಗೂ ಕೆಳಗೆ ಬರುವುದು ಹೀಗೆಯೇ. ಇಂಜಿನಿಯರು ತಮ್ಮ ಹಿಡಿಕೆಯನ್ನು ಅದೇ ಗುರುತಿಗೆ ತಿರುಗಿಸಿ ಉತ್ತರ ಕೊಟ್ಟರು.

ಬೆಂಕಿಗೂಡುಗಳ ಮುಂದಿದ್ದ ಸ್ಟೋಕರ್ ಇಪ್ಪತ್ತೈದು ದಾಟದ ಯುವಕ. ಓಟದಲ್ಲಿ ಈ ಹಡಗು ಗಂಟೆಗೆ ಸುಮಾರು ಒಂದು ಟನ್ ಕಲ್ಲಿದ್ದಲು ತಿನ್ನುತ್ತದೆ, ಅಷ್ಟೂ ಸಲಿಕೆಯಿಂದಲೇ ಹೋಗಬೇಕು. ನಾನು ಕಲ್ಪಿಸಿಕೊಂಡಿದ್ದಂತೆ ಅವನು ಎಡೆಬಿಡದೆ ತುಂಬುತ್ತಿರಲಿಲ್ಲ. ಒಂದು ಬಾಗಿಲನ್ನು ತೆಗೆದು, ಬಿಳಿಚಿದ ಹಳದಿ ಬೆಳಕಿಗೆ ಕಣ್ಣು ಕಿರಿದು ಮಾಡಿ ಒಳಗನ್ನು ಒಮ್ಮೆ ಓದಿ, ನಾಲ್ಕೈದು ಸಲಿಕೆಯಷ್ಟನ್ನು ಬೇರೆ ಬೇರೆ ಮೂಲೆಗೆ ಎರಚಿ, ತಟಕ್ಕನೆ ಮುಚ್ಚಿಬಿಡುತ್ತಿದ್ದ. ಕೊನೆಯಲ್ಲಿ ಸಲಿಕೆಯನ್ನು ಮಣಿಕಟ್ಟಿನಿಂದ ತಿರುವಿದಾಗ ಕಲ್ಲಿದ್ದಲು ರಾಶಿ ಬೀಳದೆ, ಬಿತ್ತಿದ ಕಾಳಿನಂತೆ ಹರಡಿಕೊಳ್ಳುತ್ತಿತ್ತು. ದಡ ಸೇರಿದ ಮೇಲೆ ಅವನು ಮೆಟ್ಟಿಲ ಬಳಿ ನೀರು ಕುಡಿಯುತ್ತಿದ್ದಾಗ ಮಾತನಾಡಿಸಿದೆ. ಯಾವುದು ಕಷ್ಟ, ಸೆಕೆಯೋ ಭಾರವೋ ಎಂದು ಕೇಳಿದರೆ, ಎರಡೂ ಅಲ್ಲ, ಹಿಂದಿನ ಮೂಲೆಗಳು ಎಂದ. ಅಲ್ಲಿ ಬೆಂಕಿಯ ಹಾಸು ತೆಳುವಾಗಿ ತೂತು ಬಿದ್ದರೆ ತಣ್ಣನೆಯ ಗಾಳಿ ನುಗ್ಗಿ ಒತ್ತಡ ಇಳಿಯುತ್ತದಂತೆ. ಬಾಗಿಲು ಬೇಗ ಮುಚ್ಚುವುದೂ ಅದಕ್ಕೇ. ಹೊಸ ಕಲ್ಲಿದ್ದಲು ಬಿದ್ದಾಗ ಮೊದಲು ಕಪ್ಪು ಹೊಗೆ ಬರುತ್ತದೆ, ಹರಡಿದ್ದು ಸರಿಯಿದ್ದರೆ ಸ್ವಲ್ಪ ಹೊತ್ತಿನಲ್ಲೇ ಅದು ತೆಳ್ಳಗಾಗುತ್ತದೆ. ಕೆಳಗಿರುವವನ ಕೈಗುಣ ಮೇಲಿನ ಹೊಗೆಯಲ್ಲಿ ಗೊತ್ತಾಗುತ್ತದೆ ಎಂದು ನಕ್ಕ.

ವಾಲ್ಟರ್ ಪೀಕ್ ಎಂಬ ಆಚೆ ದಡವನ್ನು ಮುಟ್ಟಲು ಸುಮಾರು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿ ಹಿಂದೊಂದು ಕಾಲದ ದೊಡ್ಡ ಕುರಿಸಾಕಣೆಯ ಮನೆಯಿದೆ, ತೋಟವಿದೆ, ನಾಯಿ ಕುರಿಗಳನ್ನು ಅಟ್ಟಿ ತರುವ ಪ್ರದರ್ಶನವಿದೆ. ಎಲ್ಲವೂ ಅಚ್ಚುಕಟ್ಟು, ನನ್ನ ಅಭಿರುಚಿಗೆ ಸ್ವಲ್ಪ ಹೆಚ್ಚೇ ಅಚ್ಚುಕಟ್ಟು. ನನಗೆ ನೆನಪುಳಿದದ್ದು ಸರೋವರದ ಕುರಿತು ಅಲ್ಲಿ ಕೇಳಿದ, ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಕತೆ. ಮಟಾವು ಎಂಬ ದೈತ್ಯ ಮಡಿಸಿದ ಮೊಣಕಾಲಿನಲ್ಲಿ ಮಲಗಿದ್ದಾಗ ಸುಟ್ಟುಹೋದನಂತೆ. ಅವನು ಮಲಗಿದ ತಗ್ಗೇ ಡೊಂಕು ಡೊಂಕಾದ ಈ ಸರೋವರ. ಸುಡದೆ ಉಳಿದ ಹೃದಯ ತಳದಲ್ಲಿ ಇನ್ನೂ ಬಡಿಯುತ್ತಿರುವುದರಿಂದ ದಡದ ನೀರು ಆಗಾಗ ಕೆಲವು ಅಂಗುಲ ಏರಿ ಇಳಿಯುತ್ತದೆ. ಅಲೆಯಿಲ್ಲದ ನೀರು ಹಾಗೆ ಉಸಿರಾಡುವುದು ನಿಜ, ಅದಕ್ಕೆ ವಿಜ್ಞಾನದ ವಿವರಣೆಯೂ ಇದೆ.

ಮರಳುವಾಗ ಹಿಂಭಾಗದಲ್ಲಿ ಪಿಯಾನೊ ಸುತ್ತ ಜನ ಕೂಡಿ ಹಾಡುತ್ತಿದ್ದರು. ನಾನು ಈ ಬಾರಿ ಹೆಂಡತಿಯ ಜೊತೆ ಮೇಲೆಯೇ ಕುಳಿತೆ. ಹಿಂದಿರುಗಿ ನೋಡಿದಾಗ ನಮ್ಮ ಹೊಗೆ, ಅಷ್ಟು ಸ್ವಚ್ಛವಾದ ನೀರಿನ ಮೇಲೆ, ಕೊಳೆಯಾದ ಸೆರಗಿನಂತೆ ಚಾಚಿಕೊಂಡಿತ್ತು. ಒಂದು ಮಧ್ಯಾಹ್ನದ ವಿಹಾರಕ್ಕಾಗಿ ಇಷ್ಟು ಕಲ್ಲಿದ್ದಲು ಸುಡುವುದು ಸರಿಯೇ ಎಂದು ಅವಳು ಕೇಳಿದಳು. ಸರಿಯೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇಂಜಿನ್ ನಿಲ್ಲಿಸಿ ಹಡಗನ್ನು ಗಾಜಿನ ಮನೆಯಲ್ಲಿ ಇಡಬೇಕೆಂದು ಹೇಳಲೂ ಬರಲಿಲ್ಲ, ಏಕೆಂದರೆ ಆ ಇಂಜಿನಿಯರಿನ ಅಂಗೈಯನ್ನು ಯಾವ ಗಾಜಿನ ಮನೆಯಲ್ಲಿಡುವುದು?

ನಾವು ಇಳಿದ ಮೇಲೂ ಜೆಟ್ಟಿಯ ಬಳಿಯೇ ಕುಳಿತಿದ್ದೆವು. ಬಹಳ ಹೊತ್ತಿನವರೆಗೆ ಕತ್ತಲಾಗದ ಬೇಸಿಗೆ ಅಲ್ಲಿಯದು. ಹಡಗು ಮತ್ತೊಂದು ಗುಂಪನ್ನು ಹತ್ತಿಸಿಕೊಂಡು, ಎದೆ ನಡುಗುವಂತೆ ಒಮ್ಮೆ ಕೂಗಿ, ಹೊರಟಿತು. ಹೊಗೆಕೊಳವೆಯ ಬಾಯಲ್ಲಿ ದಟ್ಟ ಕಪ್ಪು ಉಕ್ಕಿತು, ಸ್ವಲ್ಪ ಹೊತ್ತು ಹಾಗೆಯೇ ಇತ್ತು, ಬಳಿಕ ಬೂದು ಬಣ್ಣಕ್ಕೆ ತಿರುಗಿತು, ಕೊನೆಗೆ ಹಿಂದಿನ ಬೆಟ್ಟ ಕಾಣುವಷ್ಟು ತೆಳ್ಳಗಾಯಿತು. ಬೆಟ್ಟ ನೋಡುತ್ತಿದ್ದೀಯಾ ಎಂದು ಹೆಂಡತಿ ಕೇಳಿದಳು. ಇಲ್ಲ, ಮೂಲೆಗಳಿಗೂ ಸರಿಯಾಗಿ ಬಿತ್ತು ಎಂದೆ.