‘ಅವರಿಗೆ’ ಅಲ್ಲ, ‘ಅವರನ್ನು’

ಕೆಲಸಕ್ಕೆ ಸೇರಿ ಎರಡನೇ ವರ್ಷ ನಡೀತಿತ್ತು. ನನ್ನ ಪಾಲಿನ ಒಂದು ಕೆಲಸ ಹೇಳಿದ ದಿನಕ್ಕೆ ಮುಗಿಯುವ ಹಾಗಿರಲಿಲ್ಲ. ತಡವಾಗುತ್ತದೆ ಅಂತ ಕ್ಲೈಂಟ್‌ಗೆ ಫೋನ್ ಮಾಡಿ ಹೇಳಿದ್ದೆ. ಅದನ್ನೇ ಮ್ಯಾನೇಜರ್‌ಗೆ ಮೇಲ್‌ನಲ್ಲಿ ಬರೆಯಬೇಕಿತ್ತು. ವಿಷಯ ಗಂಭೀರವಾದದ್ದು, ಪದವೂ ಸ್ವಲ್ಪ ತೂಕದ್ದಿರಲಿ ಅನ್ನಿಸಿತು. ‘ಐ ಹ್ಯಾವ್ ಅಪ್ರೇಸ್ಡ್ ದ ಡಿಲೇ ಟು ದ ಕ್ಲೈಂಟ್’ ಎಂದು ಬರೆದೆ. ಕಳಿಸುವ ಮೊದಲು ತಂಡದ ಹಿರಿಯರೊಬ್ಬರಿಗೆ ತೋರಿಸಿದೆ.

ಅವರು ಆ ಸಾಲಿನ ಹತ್ತಿರ ನಿಂತರು. ‘ಇದರಲ್ಲಿ ಎರಡು ತಪ್ಪಿದೆ. ಒಂದನ್ನು ನಾನು ಹೇಳ್ತೀನಿ, ಇನ್ನೊಂದನ್ನು ನೀನೇ ಹುಡುಕು’ ಅಂದರು.

ಅವರು ಹೇಳಿದ್ದು ಸ್ಪೆಲಿಂಗ್ ತಪ್ಪು. ಅಪ್ರೇಸ್ ಅಂದರೆ ಬೆಲೆ ಕಟ್ಟುವುದು. ಮನೆಗೆ, ಒಡವೆಗೆ, ನೌಕರನ ಒಂದು ವರ್ಷದ ಕೆಲಸಕ್ಕೆ. ತಿಳಿಸುವುದಕ್ಕೆ ಇರುವುದು ಅಪ್ರೈಸ್. ಮೊದಲನೆಯದರಲ್ಲಿ ‘ಐ’ಗಿಂತ ಮುಂಚೆ ಒಂದು ‘ಎ’ ಇದೆ, ಎರಡನೆಯದರಲ್ಲಿ ಇಲ್ಲ, ಅಷ್ಟೇ. ಆದರೆ ಎರಡರ ಬೇರೂ ಬೇರೆ. ಅಪ್ರೇಸ್ ಬಂದದ್ದು ಬೆಲೆ ಎಂಬ ಅರ್ಥದ ಲ್ಯಾಟಿನ್ ಮೂಲದಿಂದ. ಪ್ರೈಸ್, ಪ್ರೆಶಸ್ ಇವೂ ಅದೇ ಬಳಗದವು. ಅಪ್ರೈಸ್ ಬಂದದ್ದು ಕಲಿ, ಕಲಿಸು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ. ನಾವೆಲ್ಲ ಆಫೀಸಿನಲ್ಲಿ ‘ಅಪ್ರೈಸಲ್’ ಅಂತಲೇ ಹೇಳುತ್ತಿದ್ದೆವು. ಸರಿಯಾಗಿ ಹೇಳಬೇಕೆಂದರೆ ಅದು ಅಪ್ರೇಸಲ್. ಕಿವಿಗೆ ಎರಡೂ ಒಂದೇ ಆಗಿಬಿಟ್ಟ ಮೇಲೆ ಕೈ ಬೇರೆ ಬೇರೆ ಬರೆಯುವುದಾದರೂ ಹೇಗೆ?

ಎರಡನೇ ತಪ್ಪು ಹುಡುಕುತ್ತಾ ತುಂಬಾ ಹೊತ್ತು ಕೂತೆ. ಅರ್ಥ ಸರಿಯಿದೆ. ಕಾಲ ಸರಿಯಿದೆ. ಇನ್ನೇನು ಅಂತ ಡಿಕ್ಷನರಿ ತೆಗೆದೆ. ಅಲ್ಲಿದ್ದ ಉದಾಹರಣೆಗಳಲ್ಲೆಲ್ಲ ಕ್ರಿಯಾಪದದ ಪಕ್ಕದಲ್ಲೇ ಒಬ್ಬ ಮನುಷ್ಯ ಇದ್ದ. ವಿಷಯ ಅವನ ಹಿಂದೆ ‘ಆಫ್’ ಹಿಡಿದುಕೊಂಡು ಬರುತ್ತಿತ್ತು. ಅಪ್ರೈಸ್ ಸಮ್‌ಒನ್ ಆಫ್ ಸಮ್‌ಥಿಂಗ್. ನಾನು ಬರೆದದ್ದರಲ್ಲಿ ವಿಷಯ ಮುಂದಿತ್ತು, ಮನುಷ್ಯ ಹಿಂದೆ ‘ಟು’ ಜೊತೆ ನಿಂತಿದ್ದ.

ಯಾಕೆ ಹೀಗೆ ಬರೆದೆ ಅಂತ ನೋಡಲು ಆ ಸಾಲಿನ ಕೆಳಗೆ ಕನ್ನಡದಲ್ಲೇ ಬರೆದುಕೊಂಡೆ. ‘ಕ್ಲೈಂಟ್‌ಗೆ ವಿಷಯವನ್ನು ತಿಳಿಸಿದ್ದೇನೆ.’ ಉತ್ತರ ಕಣ್ಣೆದುರಿಗೇ ಇತ್ತು. ನಮಗೆ ತಿಳಿಸುವುದು ಯಾವಾಗಲೂ ‘ಯಾರಿಗೆ’, ‘ಏನನ್ನು’. ಆ ‘ಗೆ’ ನನ್ನ ಇಂಗ್ಲಿಷ್‌ನಲ್ಲಿ ‘ಟು’ ಆಗಿ ಬಂದು ಕೂತಿತ್ತು. ಆದರೆ ಅಪ್ರೈಸ್‌ಗೆ ಬೇಕಾದದ್ದು ‘ಯಾರನ್ನು’. ಕನ್ನಡದಲ್ಲಿ ‘ಅವರನ್ನು ತಿಳಿಸಿದೆ’ ಎಂದರೆ ಕಿವಿಗೆ ಕಲ್ಲು ಸಿಕ್ಕ ಹಾಗಿರುತ್ತದೆ. ಇಂಗ್ಲಿಷ್‌ನವರಿಗೆ ‘ಅಪ್ರೈಸ್ ಟು ಹಿಮ್’ ಹಾಗೆಯೇ ಕೇಳಿಸುತ್ತದೆ ಅಂತ ಆವತ್ತು ಮೊದಲ ಸಲ ಹೊಳೆಯಿತು.

ಆಮೇಲೆ ಸುಮ್ನೆ ಕೂರಲು ಆಗಲಿಲ್ಲ. ಊಟದ ಬಿಡುವಿನಲ್ಲಿ ನೋಟ್‌ಬುಕ್ ತೆಗೆದು ಬರೆಯುತ್ತಾ ಹೋದೆ. ಇನ್ಫಾರ್ಮ್ ಹಿಮ್ ಆಫ್. ರಿಮೈಂಡ್ ಹಿಮ್ ಆಫ್. ವಾರ್ನ್ ಹಿಮ್ ಆಫ್. ಎಲ್ಲವೂ ಒಂದೇ ಮನೆಯವು! ‘ಇನ್ಫಾರ್ಮ್ ಟು ಹಿಮ್’ ಎಂದು ಎಷ್ಟು ಸಲ ಬರೆದಿದ್ದೆನೋ. ‘ಡಿಸ್ಕಸ್ ಅಬೌಟ್’ ಕೂಡ ಹೀಗೇ ಹುಟ್ಟಿದ್ದಿರಬೇಕು, ನಾವು ‘ಅದರ ಬಗ್ಗೆ ಚರ್ಚಿಸೋಣ’ ಅಂತೀವಿ ಅಲ್ವಾ, ಆ ‘ಬಗ್ಗೆ’ಯೇ ‘ಅಬೌಟ್’ ಆಗಿ ಬರುತ್ತದೆ. ಡಿಸ್ಕಸ್‌ಗೆ ಅದು ಬೇಡ, ವಿಷಯ ನೇರವಾಗಿ ಪಕ್ಕದಲ್ಲೇ ಕೂರುತ್ತದೆ. ಆದರೆ ಎಕ್ಸ್‌ಪ್ಲೇನ್ ವಿಷಯದಲ್ಲಿ ಕನ್ನಡವೇ ಕೈ ಹಿಡಿಯುತ್ತದೆ. ‘ನನಗೆ ವಿವರಿಸಿ’ ಅಂದರೆ ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ಅಲ್ಲಿ ‘ಗೆ’ ಇದ್ದ ಕಡೆ ‘ಟು’ ಇರಲೇಬೇಕು. ‘ಎಕ್ಸ್‌ಪ್ಲೇನ್ ಮಿ’ ಎಂದರೆ ತಪ್ಪು. ಹಾಗಾಗಿ ಕನ್ನಡದಲ್ಲಿ ಯೋಚಿಸಿದ್ದರಿಂದಲೇ ಎಲ್ಲ ತಪ್ಪಾಗುತ್ತದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಂದೊಂದು ಕ್ರಿಯಾಪದದ ಜೊತೆ ಯಾರು ಕೂರುತ್ತಾರೆ ಅಂತ ನೋಡಿಕೊಳ್ಳಬೇಕು. ಅರ್ಥ ಮಾತ್ರ ಕಲಿತು ನಾನು ಅಷ್ಟು ವರ್ಷ ಕಳೆದಿದ್ದೆ.

ಪದ ಕೈಗೆ ಸಿಕ್ಕ ಖುಷಿಗೆ ದಿನದ ಮಾತುಗಳಲ್ಲೆಲ್ಲ ಹಾಕಿ ನೋಡಿದೆ. ‘ಐ ಅಪ್ರೈಸ್ಡ್ ಮೈ ಮದರ್ ಆಫ್ ಮೈ ಅರೈವಲ್.’ ವ್ಯಾಕರಣ ಸರಿ, ಆದರೆ ಅಮ್ಮನ ಹತ್ತಿರ ಯಾರೂ ಹಾಗೆ ಮಾತಾಡುವುದಿಲ್ಲ. ಅಲ್ಲಿ ‘ಟೋಲ್ಡ್’ ಸಾಕು, ಅದೇ ಚೆಂದ. ‘ದ ಡಾಕ್ಟರ್ ಅಪ್ರೈಸ್ಡ್ ದ ಫ್ಯಾಮಿಲಿ ಆಫ್ ದ ರಿಸ್ಕ್ಸ್’ ಎಂದು ಬರೆದಾಗ ಪದ ತನ್ನ ಜಾಗಕ್ಕೆ ಬಂದ ಹಾಗಾಯಿತು. ಆಪರೇಷನ್‌ಗೆ ಮುಂಚೆ ಡಾಕ್ಟರು ಮನೆಯವರನ್ನು ಕೂರಿಸಿಕೊಂಡು ಹೇಳುತ್ತಾರಲ್ಲ, ಆ ಮಾತು. ಕೇಳಿದವರು ಅದರ ಮೇಲೆ ಒಂದು ತೀರ್ಮಾನ ಮಾಡಬೇಕು. ಅಂಥ ಕಡೆ ಅಪ್ರೈಸ್ ಹೊಂದುತ್ತದೆ ಅಂತ ನನ್ನ ಲೆಕ್ಕ. ಸುಮ್ನೆ ಸುದ್ದಿ ಹೇಳುವುದಕ್ಕೆ ಅದು ಜಾಸ್ತಿ ಆಯಿತು.

ಸಂಜೆ ಮೇಲ್ ತಿದ್ದಿದೆ. ‘ಐ ಹ್ಯಾವ್ ಅಪ್ರೈಸ್ಡ್ ದ ಕ್ಲೈಂಟ್ ಆಫ್ ದ ಡಿಲೇ.’ ಹಿರಿಯರು ಓದಿದರು. ‘ಆಫ್’ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಕಳಿಸಿದೆ.

ಹತ್ತು ನಿಮಿಷಕ್ಕೆ ಮ್ಯಾನೇಜರ್ ಉತ್ತರ ಬಂತು. ‘ಥ್ಯಾಂಕ್ಸ್. ಕೀಪ್ ಮಿ ಅಪ್ರೈಸ್ಡ್.’ ಇಲ್ಲಿ ‘ಆಫ್’ ಇರಲಿಲ್ಲ. ಯಾವ ವಿಷಯ ಅಂತ ಇಬ್ಬರಿಗೂ ಗೊತ್ತಿತ್ತು, ಹಾಗಾಗಿ ವಿಷಯವೂ ಇಲ್ಲ, ‘ಆಫ್’ ಕೂಡ ಇಲ್ಲ. ಆದರೆ ‘ಮಿ’ ಇತ್ತು, ಮನುಷ್ಯ ತನ್ನ ಜಾಗ ಬಿಟ್ಟಿರಲಿಲ್ಲ. ಮತ್ತೆ ನೋಟ್‌ಬುಕ್ ತೆಗೆದು ಆ ಸಾಲನ್ನೂ ಬರೆದುಕೊಂಡೆ.