ಸ್ಟ್ರೆಸ್ ಪಾಸ್, ಪೈಪು ಫೇಲ್

ದ್ರವ ನೈಟ್ರೋಜನ್ ಲೈನಿನಲ್ಲಿ ಒಂದರೊಳಗೊಂದು ಎರಡು ಪೈಪು ಇರುತ್ತವೆ. ಒಳಗಿನದರಲ್ಲಿ ಮೈನಸ್ 196 ಡಿಗ್ರಿಯ ನೈಟ್ರೋಜನ್. ಹೊರಗಿನದು ನಮ್ಮ ನಿಮ್ಮ ಹಾಗೆ 30 ಡಿಗ್ರಿಯಲ್ಲಿ ಆರಾಮಾಗಿರುತ್ತದೆ. ನಡುವೆ ವ್ಯಾಕ್ಯೂಮ್, ಥರ್ಮಾಸ್ ಫ್ಲಾಸ್ಕಿನ ಥರ.

ಪೈಪಿನ ಮೇಲೆ ಬೀಳುವ ಒತ್ತಡ, ಅಂದರೆ ಸ್ಟ್ರೆಸ್, ಲೆಕ್ಕ ಹಾಕುವ ಗ್ರೂಪಿಗೆ ಸೇರಿದ ಹೊಸದರಲ್ಲಿ ಇಂಥದೊಂದು ಲೈನ್ ನನ್ನ ಪಾಲಿಗೆ ಬಂತು. ಒಳಗೆ 2 ಇಂಚು, ಹೊರಗೆ 4 ಇಂಚು, ಎರಡೂ ಸ್ಟೇನ್‌ಲೆಸ್ ಸ್ಟೀಲ್. 10 ಮೀಟರ್ ನೇರ ಓಡಿ ಎಲ್ಬೋದಲ್ಲಿ, ಅಂದರೆ ಮೊಣಕೈಯಂಥ ಬಾಗಿನಲ್ಲಿ, ತಿರುಗುತ್ತದೆ. ಸ್ಟ್ರೆಸ್ ಲೆಕ್ಕದ ಸಾಫ್ಟ್‌ವೇರ್ ಸೀಸರ್‌ನಲ್ಲಿ ಎರಡೂ ಪೈಪು ಹಾಕಿದೆ. ಒಳಗಿನದು ಸಲೀಸಾಗಿ ಕುಗ್ಗಲಿ ಅಂತ ಎಲ್ಬೋ ಹತ್ತಿರ ಅದನ್ನು ನಡುವೆ ಹಿಡಿದಿಡುವ ಸ್ಪೇಸರ್ ಇಡಲಿಲ್ಲ. ರನ್ ಮಾಡಿದರೆ ಸ್ಟ್ರೆಸ್ ಎಲ್ಲಾ ಕಡೆ ಮಿತಿಯೊಳಗೆ! ಖುಷಿಯಾಗಿ ಪ್ರಿಂಟ್ ತೆಗೆದುಕೊಂಡು ನಮ್ಮ ಗ್ರೂಪಿನ ಮೇಡಂ ಹತ್ತಿರ ಹೋದೆ.

ಅವರು ಸ್ಟ್ರೆಸ್ ಪುಟವನ್ನು ನೋಡಲೇ ಇಲ್ಲ. "ಎಲ್ಬೋ ಎಷ್ಟು ಸರಿಯುತ್ತೆ?" ಅಂದರು.

"30 ಮಿ.ಮೀ., ಮೇಡಂ." ಸ್ಟೇನ್‌ಲೆಸ್ ಸ್ಟೀಲ್ ಇಷ್ಟು ತಣ್ಣಗಾದರೆ ಮೀಟರಿಗೆ ಸುಮಾರು 3 ಮಿ.ಮೀ. ಕುಗ್ಗುತ್ತದೆ, ಅದು ಗೊತ್ತಿದ್ದ ಲೆಕ್ಕವೇ.

"ಎರಡು ಪೈಪಿನ ನಡುವೆ ಜಾಗ ಎಷ್ಟಿದೆ?"

ನಾನು ಕ್ಯಾಲ್ಕುಲೇಟರ್ ಒತ್ತಿದೆ. ಹೊರಪೈಪಿನ ಒಳ ವ್ಯಾಸ 108.2 ಮಿ.ಮೀ., ಒಳಪೈಪಿನ ಹೊರ ವ್ಯಾಸ 60.3. ಒಂದೊಂದು ಬದಿಗೆ 24 ಮಿ.ಮೀ. ಬಾಯಿ ಕಟ್ಟಿಹೋಯಿತು.

ಸಾಫ್ಟ್‌ವೇರ್‌ಗೆ ಇವು ಸುಮ್ನೆ ಎರಡು ಗೆರೆ. ಒಂದರೊಳಗೆ ಇನ್ನೊಂದಿದೆ, ಗೋಡೆಗೆ ತಾಗುತ್ತೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ನಡುವಿನ ಜಾಗ ಇಷ್ಟೇ ಅಂತ ನಾವೇ ಗ್ಯಾಪ್ ಹಾಕಿ ಹೇಳಬೇಕು, ಅಲ್ವಾ. ನನ್ನ ಮಾಡೆಲ್‌ನಲ್ಲಿ ಒಳಪೈಪು ಹೊರಪೈಪಿನ ಗೋಡೆಯನ್ನು ತೂರಿಕೊಂಡು ಆರಾಮಾಗಿ ಹೋಗಿತ್ತು. ಸ್ಟ್ರೆಸ್ ಕಮ್ಮಿ ಬಂದದ್ದೂ ಅದಕ್ಕೇ. ನಿಜವಾದ ಲೈನಿನಲ್ಲಿ ಹಾಗೆ ತಾಗಿದರೆ ಅಲ್ಲಿಂದ ಶಾಖ ಒಳಗೆ ಇಳಿಯುತ್ತದೆ, ನೈಟ್ರೋಜನ್ ಕುದಿಯುತ್ತದೆ, ಹೊರಗೆ ಹಿಮ ಕಟ್ಟುತ್ತದೆ. ವ್ಯಾಕ್ಯೂಮಿಗೆ ಸುರಿದ ದುಡ್ಡೆಲ್ಲ ದಂಡ.

ಕುಗ್ಗಿ ಹಿಗ್ಗುವ ಸುಕ್ಕುಸುಕ್ಕಿನ ಕೊಳವೆ, ಅಂದರೆ ಬೆಲ್ಲೋಸ್, ಹಾಕಬಹುದಿತ್ತು. ಆದರೆ ತೆಳು ತಗಡು, ವ್ಯಾಕ್ಯೂಮಿನೊಳಗೆ ಸೋರಿದರೆ ಹುಡುಕುವುದು ಬಹಳ ಕಷ್ಟ. ಮೇಡಂ ಹೇಳಿದ್ದು ಬೇರೆ: ಎಲ್ಬೋದ ಬಳಿ ಒಳಪೈಪನ್ನು ಮೊದಲೇ 15 ಮಿ.ಮೀ. ಎದುರು ಬದಿಗೆ ಸರಿಸಿ ಕೂರಿಸು. ಆಗ ಕುಗ್ಗುವ ಬದಿಗೆ 39 ಸಿಗುತ್ತದೆ, 30 ಕಳೆದರೂ 9 ಉಳಿಯುತ್ತದೆ. ಗ್ಯಾಪ್ ಹಾಕಿ ಮತ್ತೆ ರನ್ ಮಾಡಿದೆ, ಎಲ್ಲೂ ತಾಗಲಿಲ್ಲ.

ಡ್ರಾಯಿಂಗ್ ಕಳಿಸಿ ಒಂದು ವಾರಕ್ಕೆ, ಪೈಪು ಜೋಡಿಸುವ ಫ್ಯಾಬ್ರಿಕೇಷನ್ ಶಾಪಿನಿಂದ ಫೋನ್. "ಸಾರ್, ಒಳಗಿನ ಪೈಪು ನಡುವೆ ಇಲ್ಲ, ಒಂದು ಕಡೆ ವಾಲಿದೆ. ತಪ್ಪಾಗಿ ಬರೆದಿದ್ದೀರಾ?"